ಗ್ರಾನೈಟಿಗೆ ರಂಧ್ರ: ಸೂಚನೆ ಇದೆ, ಕಾರಣ ಇಲ್ಲ

ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಹಾಸುವುದು ಈಗ ಪಟ್ಟಣಗಳಲ್ಲಿ ಮಾತ್ರವಲ್ಲ, ಹಳ್ಳಿಗಳಲ್ಲೂ ಸಾಮಾನ್ಯ. ಕಟ್ಟೆ ಸಿದ್ಧವಾದ ಕೆಲವು ದಿನಗಳಲ್ಲೇ ಅದಕ್ಕೊಂದು ರಂಧ್ರ ಬೇಕಾಗುತ್ತದೆ. ನೀರು ಶುದ್ಧೀಕರಣ ಸಾಧನದ ನಲ್ಲಿಗೆ, ಸಿಂಕಿನ ಹೊಸ ಕೊಳಾಯಿಗೆ, ಇಲ್ಲವೇ ವಿದ್ಯುತ್ ತಂತಿ ಇಳಿಸುವುದಕ್ಕೆ. ಕೈ ಡ್ರಿಲ್ ಮತ್ತು ವಜ್ರ ಲೇಪಿತ ಬಿಟ್‌ಗಳು ಅಗ್ಗವಾಗಿ ದೊರೆಯುವುದರಿಂದ ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಅವರಿಗೆ ದೊರೆಯುವ ಮಾರ್ಗದರ್ಶನ, ಬಿಟ್‌ನ ಪೊಟ್ಟಣದ ಮೇಲಿರಲಿ, ಅಂಗಡಿಯವರ ಬಾಯಲ್ಲಿರಲಿ, ಹೆಚ್ಚುಕಡಿಮೆ ಒಂದೇ ಬಗೆಯದು: ವಜ್ರದ ಬಿಟ್ ಬಳಸಿ; ವೇಗ ಕಡಿಮೆ ಇರಲಿ; ಹಗುರವಾಗಿ ಒತ್ತಿ; ಆಗಾಗ ನೀರು ಹಾಕಿ; ಮಾಸ್ಕ್ ಧರಿಸಿ.

ಈ ಐದು ವಾಕ್ಯಗಳಲ್ಲಿ ಯಾವುದೂ ಪೂರ್ಣ ಸುಳ್ಳಲ್ಲ. ಆದರೆ ಒಂದರಲ್ಲೂ ಪರಿಮಾಣವಿಲ್ಲ, ಒಂದರಲ್ಲೂ ಕಾರಣವಿಲ್ಲ. ಕಾರಣ ತಿಳಿಯದವನು ಸನ್ನಿವೇಶ ಸ್ವಲ್ಪ ಬದಲಾದ ಕೂಡಲೇ ತಪ್ಪುತ್ತಾನೆ. ಇನ್ನೊಂದೆಡೆ ನಮ್ಮ ಪಠ್ಯಪುಸ್ತಕಗಳಲ್ಲಿ ಗಡಸುತನ, ಪೀಡನ, ಉಷ್ಣಧಾರಕತೆ ಎಲ್ಲವೂ ಇವೆ. ಅವು ಅಡುಗೆಮನೆಯವರೆಗೆ ಬರುವುದಿಲ್ಲ. ಆದ್ದರಿಂದ ಈ ಸೂಚನೆಗಳನ್ನು ಒಂದು ಪಠ್ಯದಂತೆ ವಾಕ್ಯವಾರು ಪರೀಕ್ಷಿಸುವುದು ಉಪಯುಕ್ತ.

ಮೊದಲ ಪ್ರಶ್ನೆ: ಯಾವ ಕಲ್ಲು?

ಸೂಚನೆಗಳು ‘ಗ್ರಾನೈಟ್’ ಎಂಬ ಪದದಿಂದಲೇ ಆರಂಭವಾಗುತ್ತವೆ. ಭೂವಿಜ್ಞಾನದಲ್ಲಿ ಗ್ರಾನೈಟ್ ಎಂದರೆ ಕ್ವಾರ್ಟ್ಸ್ (ಬೆಣಚು), ಫೆಲ್ಡ್‌ಸ್ಪಾರ್ ಮತ್ತು ಸ್ವಲ್ಪ ಅಭ್ರಕ ಅಥವಾ ಹಾರ್ನ್‌ಬ್ಲೆಂಡ್ ಇರುವ ಅಗ್ನಿಶಿಲೆ. ರಾಮನಗರದ ಬಂಡೆಗಳು ಅಂಥವು. ಆ ಊರಿನ ಹಳೆಯ ಹೆಸರಿನಿಂದಲೇ ಅದಕ್ಕೆ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂಬ ಹೆಸರು ಬಂದಿದೆ. ವ್ಯಾಪಾರದಲ್ಲಾದರೋ ಹೊಳಪು ತಾಳುವ ಗಟ್ಟಿ ಕಲ್ಲೆಲ್ಲ ಗ್ರಾನೈಟೇ. ಚಾಮರಾಜನಗರ, ಕನಕಪುರ ಕಡೆಯ ‘ಕಪ್ಪು ಗ್ರಾನೈಟ್’ ನಿಜಕ್ಕೂ ಡಾಲರೈಟ್ ಜಾತಿಯ ಶಿಲೆ. ಅದರಲ್ಲಿ ಕ್ವಾರ್ಟ್ಸ್ ಅತ್ಯಲ್ಪ. ಇಳಕಲ್ಲಿನ ಕೆಂಪು ಕಲ್ಲಿನಲ್ಲಿ ಅದು ಗಣನೀಯ. ರಾಳದಲ್ಲಿ ಕ್ವಾರ್ಟ್ಸ್ ಪುಡಿ ಬೆರೆಸಿ ಮಾಡಿದ ಕೃತಕ ಫಲಕಗಳಲ್ಲಿ ಕ್ವಾರ್ಟ್ಸ್ ಪ್ರಮಾಣ ಶೇ. 90ನ್ನೂ ಮೀರಬಹುದು.

ಕೊರೆಯುವವನಿಗೆ ಈ ವ್ಯತ್ಯಾಸ ಏಕೆ ಮುಖ್ಯ? ಬಿಟ್ ಸವೆಯುವ ರೀತಿ ಇದನ್ನು ಅವಲಂಬಿಸಿದೆ. ಅದಕ್ಕಿಂತ ಮುಖ್ಯವಾಗಿ, ಎದ್ದ ದೂಳು ಎಷ್ಟು ಅಪಾಯಕಾರಿ ಎಂಬುದೂ ಇದನ್ನೇ ಅವಲಂಬಿಸಿದೆ. ಹಾಗಿದ್ದೂ ‘ಮೊದಲು ಕಲ್ಲನ್ನು ಗುರುತಿಸಿ’ ಎಂಬ ಸೂಚನೆ ಅಪರೂಪ.

‘ಗಡಸು ವಸ್ತು ಮೃದು ವಸ್ತುವನ್ನು ಕೊರೆಯುತ್ತದೆ’

ಎರಡನೆಯದು ಬಿಟ್‌ನ ಆಯ್ಕೆ. ಇಲ್ಲಿ ದೋಷ ಸೂಚನೆಗಳದ್ದಷ್ಟೇ ಅಲ್ಲ, ನಮ್ಮ ತರಗತಿಗಳದ್ದೂ ಹೌದು. 1812ರಲ್ಲಿ ಫ್ರೀಡ್ರಿಕ್ ಮೋಸ್ ರೂಪಿಸಿದ ಗಡಸುತನದ ಮಾಪಕದಲ್ಲಿ ಅಭ್ರಕ ಸುಮಾರು 2.5, ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಸ್ 7, ಟಂಗ್‌ಸ್ಟನ್ ಕಾರ್ಬೈಡ್ ಸುಮಾರು 9, ವಜ್ರ 10. ಇದು ಕೇವಲ ಕ್ರಮಸೂಚಿ ಎಂಬುದನ್ನು ನಾವು ಒತ್ತಿ ಹೇಳುವುದಿಲ್ಲ. 9 ಮತ್ತು 10ರ ನಡುವಿನ ನಿಜವಾದ ಅಂತರ 1ರಿಂದ 9ರವರೆಗಿನ ಒಟ್ಟು ಅಂತರಕ್ಕಿಂತ ಹೆಚ್ಚು. ಕಾರ್ಬೈಡ್ 9, ವಜ್ರ 10. ಆದ್ದರಿಂದ ಎರಡೂ ಹೆಚ್ಚುಕಡಿಮೆ ಒಂದೇ ಎಂದು ಭಾವಿಸುವವರು ಮೋಸಹೋಗುವುದು ಇಲ್ಲೇ.

ಗಡಸುತನವೇ ಎಲ್ಲವೂ ಆಗಿದ್ದರೆ ಹಂಪಿಯ ಬಂಡೆಗಳ ಮೇಲೆ ಇಂದಿಗೂ ಕಾಣುವ ಸಾಲುಗುಳಿಗಳು ಇರುತ್ತಿರಲಿಲ್ಲ. ಕ್ವಾರ್ಟ್ಸಿಗಿಂತ ಮೃದುವಾದ ಲೋಹದ ಉಳಿಯಿಂದ ಆ ಗುಳಿಗಳನ್ನು ತೋಡಿ, ಬೆಣೆ ಹೊಡೆದು ಬಂಡೆ ಸೀಳಿದರು. ಅಲ್ಲಿ ನಡೆದದ್ದು ಕೊರೆತವಲ್ಲ, ಪೆಟ್ಟಿನಿಂದ ಕಣಗಳನ್ನು ಜಜ್ಜುವುದು. ಈಜಿಪ್ಟಿನವರು ತಾಮ್ರದ ಕೊಳವೆ ಮತ್ತು ಮರಳಿನಿಂದ ಗ್ರಾನೈಟಿಗೆ ದುಂಡು ರಂಧ್ರ ಕೊರೆಯುತ್ತಿದ್ದರೆಂಬುದನ್ನು ಡೆನಿಸ್ ಸ್ಟಾಕ್ಸ್ ಎಂಬ ಸಂಶೋಧಕ ಪ್ರಯೋಗಗಳಿಂದ ತೋರಿಸಿದರು. ತಾಮ್ರದ ಗಡಸುತನ ಸುಮಾರು 3. ಕೆಲಸ ಮಾಡಿದ್ದು ತಾಮ್ರವಲ್ಲ, ಅದರಡಿ ಉರುಳಿದ ಕ್ವಾರ್ಟ್ಸ್ ಮರಳು.

ಇಂದಿನ ವಜ್ರದ ಬಿಟ್ ಅದೇ ತತ್ತ್ವದ ಮುಂದುವರಿಕೆ. ಟೊಳ್ಳು ಕೊಳವೆಯ ಅಂಚಿನಲ್ಲಿ ವಜ್ರದ ಹರಳುಗಳನ್ನು ಲೋಹದಲ್ಲಿ ಹುದುಗಿಸಿರುತ್ತಾರೆ. ಪ್ರತಿ ಹರಳೂ ಕಲ್ಲಿನ ಕಣವನ್ನು ಒತ್ತಿ, ಸೂಕ್ಷ್ಮ ಬಿರುಕು ಎಬ್ಬಿಸಿ, ಪುಡಿ ಮಾಡುತ್ತದೆ. ಲೋಹದ ಬಂಧವೂ ತಕ್ಕಷ್ಟು ಸವೆದು ಹೊಸ ಹರಳುಗಳನ್ನು ಹೊರಗೆ ಬಿಡಬೇಕು. ಸವೆಯದಿದ್ದರೆ ಬಿಟ್ ನುಣುಪಾಗಿ, ಕೊರೆಯುವ ಬದಲು ಉಜ್ಜುತ್ತದೆ. ಆಗ ಬಿಟ್ ‘ಹೋಯಿತು’ ಎಂದು ಎಸೆಯಬೇಕಿಲ್ಲ. ಒದ್ದೆ ಇಟ್ಟಿಗೆಯಲ್ಲಿ ಸ್ವಲ್ಪ ಕೊರೆದರೆ ಹರಳುಗಳು ಮತ್ತೆ ತೆರೆದುಕೊಳ್ಳುತ್ತವೆ. ಅಗ್ಗದ ಬಿಟ್‌ಗಳಲ್ಲಿ ಮಾತ್ರ ವಜ್ರ ಒಂದೇ ಪದರ. ಅದು ಉದುರಿದರೆ ಮುಗಿಯಿತು.

ಡ್ರಿಲ್ಲಿನ ‘ಸುತ್ತಿಗೆ’ ಕ್ರಮವನ್ನು ಬಳಸಬಾರದೆಂಬ ಸೂಚನೆ ಸರಿ. ಅದರ ಕಾರಣವೂ ಸರಳ. ಗ್ರಾನೈಟ್ ಸಂಪೀಡನವನ್ನು ತಾಳುವಷ್ಟು ಎಳೆತವನ್ನು ತಾಳಲಾರದು. ಸಂಪೀಡನದಲ್ಲಿ ಅದರ ಬಲ 100ರಿಂದ 250 ಮೆಗಾಪಾಸ್ಕಲ್. ಎಳೆತದಲ್ಲಿ ಸುಮಾರು ಅದರ ಹತ್ತರಲ್ಲಿ ಒಂದಂಶ. 18–20 ಮಿ.ಮೀ. ದಪ್ಪದ ಫಲಕಕ್ಕೆ ಮೇಲಿನಿಂದ ಪೆಟ್ಟು ಬಿದ್ದರೆ ಅದು ಬಾಗುತ್ತದೆ. ಅಡಿಮೈ ಎಳೆತಕ್ಕೆ ಒಳಗಾಗಿ ಬಿರಿಯುತ್ತದೆ.

‘ಕಡಿಮೆ ವೇಗ’ ಎಂದರೆ ಎಷ್ಟು?

ಕಲ್ಲಿಗೆ ತಿಳಿಯುವುದು ನಿಮಿಷದ ಸುತ್ತುಗಳಲ್ಲ, ಅಂಚಿನ ವೇಗ. ಅಂಚಿನ ವೇಗವೆಂದರೆ ಪರಿಧಿ ಗುಣಿಸು ಸೆಕೆಂಡಿನ ಸುತ್ತುಗಳು. 35 ಮಿ.ಮೀ. ಬಿಟ್ ನಿಮಿಷಕ್ಕೆ 600 ಸುತ್ತು ತಿರುಗಿದರೆ ಅಂಚಿನ ವೇಗ 3.14 × 0.035 × 10, ಅಂದರೆ ಸೆಕೆಂಡಿಗೆ 1.1 ಮೀಟರ್. ಅದೇ ಬಿಟ್ 2800 ಸುತ್ತು ತಿರುಗಿದರೆ 5.1 ಮೀಟರ್. ಆದರೆ 6 ಮಿ.ಮೀ.ನ ಸಣ್ಣ ಬಿಟ್ 2800 ಸುತ್ತಿನಲ್ಲೂ ಸೆಕೆಂಡಿಗೆ 0.9 ಮೀಟರನ್ನು ದಾಟುವುದಿಲ್ಲ. ‘ವೇಗ ಕಡಿಮೆ ಇರಲಿ’ ಎಂಬ ಒಂದೇ ವಾಕ್ಯ ಎರಡಕ್ಕೂ ಅನ್ವಯಿಸಿದರೆ ಸಣ್ಣ ಬಿಟ್ ಬರಿದೇ ಉಜ್ಜುತ್ತ ಕೂರುತ್ತದೆ. ‘ಬಿಟ್ ದೊಡ್ಡದಾದಷ್ಟೂ ಸುತ್ತು ಕಡಿಮೆ’ ಎಂದಿದ್ದರೆ ವಾಕ್ಯ ಅಷ್ಟೇ ಚಿಕ್ಕದು, ಅರ್ಥ ಪೂರ್ಣ.

ಕಡಿಮೆ ವೇಗಕ್ಕೂ ಅದರದೇ ಅಪಾಯವಿದೆ; ಅದನ್ನು ಯಾರೂ ಹೇಳುವುದಿಲ್ಲ. ಗಿಯರಿನಿಂದ ವೇಗ ತಗ್ಗಿಸಿದಾಗ ಅದೇ ಸಾಮರ್ಥ್ಯಕ್ಕೆ ತಿರುಚುಬಲ ಹೆಚ್ಚುತ್ತದೆ. 500 ವಾಟ್ 600 ಸುತ್ತಿನಲ್ಲಿ ಸುಮಾರು 8 ನ್ಯೂಟನ್-ಮೀಟರ್ ತಿರುಚುಬಲ ಕೊಡುತ್ತದೆ. ರಂಧ್ರದಲ್ಲಿ ಬಿಟ್ ಸಿಕ್ಕಿಕೊಂಡರೆ ಡ್ರಿಲ್ಲೇ ತಿರುಗಲೆತ್ನಿಸಿ ಮಣಿಕಟ್ಟನ್ನು ತಿರುಚುತ್ತದೆ. ಪಕ್ಕದ ಹಿಡಿಯನ್ನು ಬಿಗಿದು ಎರಡು ಕೈಯಿಂದ ಹಿಡಿಯಬೇಕೆನ್ನುವುದು ಇದಕ್ಕಾಗಿ. ಕುದುರೆಯನ್ನು ಅರ್ಧ ಒತ್ತಿ ವೇಗ ತಗ್ಗಿಸುವ ಡ್ರಿಲ್ಲಿನಲ್ಲಿ ಮೋಟಾರಿನ ದಂಡಕ್ಕೇ ಜೋಡಿಸಿದ ಬೀಸಣಿಗೆಯೂ ನಿಧಾನವಾಗುವುದರಿಂದ ಮೋಟಾರು ಬೇಗ ಕಾಯುತ್ತದೆ. ನಡುನಡುವೆ ಬಿಡುವು ಕೊಡಬೇಕು.

ಎಲ್ಲಕ್ಕಿಂತ ತಪ್ಪಾದ ಪದ: ‘ಆಗಾಗ’

‘ಬಿಸಿಯಾದಾಗ ಆಗಾಗ ನೀರು ಹಾಕಿ’ ಎಂಬುದು ಐದು ಸೂಚನೆಗಳಲ್ಲಿ ಅತ್ಯಂತ ಹಾನಿಕರ. ಲೆಕ್ಕ ಹಾಕಿ ನೋಡೋಣ. ಡ್ರಿಲ್ಲಿನಿಂದ 300 ವಾಟ್ ಬಿಟ್‌ನ ತುದಿ ತಲುಪುತ್ತದೆ ಎನ್ನಿ. ಕಲ್ಲು ಪುಡಿಯಾಗುವಾಗ ಹೊಸ ಮೇಲ್ಮೈಗಳ ಶಕ್ತಿಯಾಗಿ ಉಳಿಯುವ ಪಾಲು ತೀರ ಕಡಿಮೆ, ಉಳಿದುದೆಲ್ಲ ಉಷ್ಣ. ಒಂದು ನಿಮಿಷಕ್ಕೆ 18,000 ಜೂಲ್. ಬಿಟ್‌ನ ಒಳಹೊರಗಿನ 100 ಗ್ರಾಂ ಕಲ್ಲು ಇದರ ಅರ್ಧವನ್ನು ಹೀರಿದರೂ (ವಿಶಿಷ್ಟೋಷ್ಣ ಗ್ರಾಂಗೆ ಸುಮಾರು 0.8 ಜೂಲ್) ಅದರ ತಾಪ 110 ಡಿಗ್ರಿಗಳಷ್ಟು ಏರುತ್ತದೆ. ವಜ್ರದ ಹರಳು ತಾಗುವ ಬಿಂದುಗಳಲ್ಲಿ ಇನ್ನೂ ಹೆಚ್ಚು.

ಈಗ ಅದರ ಮೇಲೆ ತಣ್ಣೀರು ಸುರಿದರೆ ಏನಾಗುತ್ತದೆ? ಮೇಲ್ಪದರ ಕುಗ್ಗಲು ನೋಡುತ್ತದೆ, ಒಳಗಿನ ಬಿಸಿ ಕಲ್ಲು ಬಿಡುವುದಿಲ್ಲ. ಹುಟ್ಟುವ ಎಳೆತದ ಪೀಡನ ಸುಮಾರಾಗಿ ಸ್ಥಿತಿಸ್ಥಾಪಕತಾ ಗುಣಾಂಕ, ವ್ಯಾಕೋಚನ ಗುಣಾಂಕ ಮತ್ತು ತಾಪವ್ಯತ್ಯಾಸಗಳ ಗುಣಲಬ್ಧ. ಗ್ರಾನೈಟಿಗೆ ಇವು ಸುಮಾರು 50 ಗಿಗಾಪಾಸ್ಕಲ್ ಮತ್ತು ಡಿಗ್ರಿಗೆ ಹತ್ತು ಲಕ್ಷದಲ್ಲಿ 8 ಭಾಗ. ಬರೀ 50 ಡಿಗ್ರಿ ವ್ಯತ್ಯಾಸಕ್ಕೆ 20 ಮೆಗಾಪಾಸ್ಕಲ್! ಕಲ್ಲಿನ ಎಳೆತಬಲವೇ ಹೆಚ್ಚುಕಡಿಮೆ ಅಷ್ಟು ಅಥವಾ ಅದಕ್ಕಿಂತ ಕಡಿಮೆ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದಂತೆಯೇ ಇದು. ಆದ್ದರಿಂದ ಸೂಚನೆ ಹೀಗಿರಬೇಕು: ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ ನಿರಂತರ ನೀರು, ನೀರು ತಪ್ಪಿ ಕಲ್ಲು ಕಾದಿದ್ದರೆ ತಾನಾಗಿ ಆರಲು ಬಿಡಿ, ಸುರಿಯಬೇಡಿ.

ಎಷ್ಟು ನೀರು? 300 ವಾಟ್ ಹೀರಿ 30 ಡಿಗ್ರಿಯಷ್ಟೇ ಬಿಸಿಯಾಗಲು ಸೆಕೆಂಡಿಗೆ 2.4 ಗ್ರಾಂ, ನಿಮಿಷಕ್ಕೆ 140 ಮಿಲಿ ಲೀಟರ್ ಸಾಕು. ಮುಚ್ಚಳಕ್ಕೆ ತೂತು ಮಾಡಿದ ಒಂದು ಬಾಟಲಿಯ ಧಾರೆ. ರಂಧ್ರದ ಸುತ್ತ ಕಿಟಕಿಯ ಪುಟ್ಟಿ ಅಥವಾ ನಾದಿದ ಹಿಟ್ಟಿನಿಂದ ಕಟ್ಟೆ ಕಟ್ಟಿದರೆ ನೀರು ಅಲ್ಲೇ ನಿಲ್ಲುತ್ತದೆ. ಬಿಟ್ಟನ್ನು ಕೆಲವು ಸೆಕೆಂಡಿಗೊಮ್ಮೆ ಸ್ವಲ್ಪ ಮೇಲೆತ್ತಬೇಕು. ಇಲ್ಲದಿದ್ದರೆ ನೀರು ಕೊಳವೆಯ ಹೊರಗೇ ಉಳಿದು ಕೊರೆವ ಅಂಚನ್ನು ತಲುಪುವುದಿಲ್ಲ.

‘ಹಗುರವಾಗಿ ಒತ್ತಿ’, ಆದರೆ ಎಲ್ಲಿ?

ತೀರ ಹಗುರವಾಗಿ ಒತ್ತಿದರೂ ಕೆಲಸ ಕೆಡುತ್ತದೆ. ಹರಳಿನ ಕೆಳಗಿನ ಒತ್ತಡ ಕಣವನ್ನು ಒಡೆಯುವಷ್ಟು ಇರದಿದ್ದರೆ ವಜ್ರ ನುಣುಪಾಗುತ್ತದೆ, ಉಷ್ಣ ಮಾತ್ರ ಹುಟ್ಟುತ್ತದೆ. ನೀರು ಕಲ್ಲಿನ ಬಣ್ಣದ ಕೆಸರಾಗಿ ಬರುತ್ತಿದ್ದರೆ ಒತ್ತಡ ಸರಿ ಇದೆ. ತಿಳಿಯಾಗಿ ಬರುತ್ತಿದ್ದರೆ ಸಾಲದು. ಕೊನೆಯ ಎರಡು ಮೂರು ಮಿಲಿಮೀಟರುಗಳಲ್ಲಿ ಮಾತ್ರ ಒತ್ತಡ ನಿಜಕ್ಕೂ ತಗ್ಗಬೇಕು. ಆಗ ಉಳಿದ ತೆಳು ಪದರ ಬಾಗಿ, ಅಡಿಯಲ್ಲಿ ಶಂಕುವಿನಾಕಾರದ ಚಕ್ಕೆ ಸಿಡಿಯುತ್ತದೆ. ಅಡಿ ತೆರೆದಿದ್ದರೆ ಮರದ ಹಲಗೆಯನ್ನು ಒತ್ತಾಗಿ ಕೊಡುವುದು ಇದಕ್ಕೆ ಪರಿಹಾರ.

ಟೊಳ್ಳು ಬಿಟ್ಟಿಗೆ ನಡುವೆ ಮೊನೆ ಇಲ್ಲ. ಆರಂಭದಲ್ಲಿ ಅಂಚಿನ ಒಂದು ಬದಿ ಮಾತ್ರ ತಾಗಿದರೆ ಘರ್ಷಣೆ ಅದನ್ನು ಪಕ್ಕಕ್ಕೆ ಓಡಿಸಿ ಹೊಳಪಿನ ಮೇಲೆ ಗೀರು ಎಳೆಯುತ್ತದೆ. ಪ್ಲೈವುಡ್ಡಿನಲ್ಲಿ ಅದೇ ಅಳತೆಯ ತೂತು ಮಾಡಿ ಕಲ್ಲಿನ ಮೇಲೆ ಬಿಗಿದರೆ ಓಡಲು ಎಡೆ ಇರುವುದಿಲ್ಲ.

ರಂಧ್ರ ಎಲ್ಲಿರಬೇಕೆಂಬುದರ ಬಗ್ಗೆ ಸೂಚನೆಗಳು ಬಹುಪಾಲು ಮೌನ. ಎಳೆತದಲ್ಲಿರುವ ವಿಶಾಲ ಫಲಕದಲ್ಲಿ ಸಣ್ಣ ದುಂಡು ರಂಧ್ರವಿದ್ದರೆ ಅದರ ಅಂಚಿನ ಪೀಡನ ಮೂರು ಪಟ್ಟಾಗುತ್ತದೆಂದು ಅರ್ನ್‌ಸ್ಟ್ ಕಿರ್ಷ್ 1898ರಲ್ಲೇ ತೋರಿಸಿದ. ಸಿಂಕಿನ ಹಿಂದೆ ಉಳಿಯುವ ಕಲ್ಲಿನ ಪಟ್ಟಿ 80 ಮಿ.ಮೀ. ಅಗಲವಿದೆ ಎನ್ನಿ. ಅದರಲ್ಲಿ 35 ಮಿ.ಮೀ. ರಂಧ್ರ ಮಾಡಿದರೆ ಭಾರ ಹೊರಲು ಉಳಿಯುವುದು 45 ಮಿ.ಮೀ. ಸರಾಸರಿ ಪೀಡನವೇ 1.8 ಪಟ್ಟು, ರಂಧ್ರದ ಅಂಚಿನಲ್ಲಿ ಅದಕ್ಕೂ ಮಿಗಿಲು. ಎಷ್ಟೋ ಕಟ್ಟೆಗಳು ಕೊರೆಯುವಾಗ ಒಡೆಯದೆ, ಅನಂತರ ಯಾರೋ ಭಾರದ ಪಾತ್ರೆ ಇಟ್ಟಾಗ ಬಿರಿಯುವುದರ ಗುಟ್ಟು ಇದೇ. ಚೌಕ ರಂಧ್ರದ ಮೊನಚು ಮೂಲೆಗಳಂತೂ ಬಿರುಕಿಗೆ ನೇರ ಆಹ್ವಾನ. ಮೂಲೆಗಳನ್ನು ಮೊದಲು ದುಂಡಾಗಿ ಕೊರೆದು ಆಮೇಲೆ ಗೆರೆ ಕತ್ತರಿಸಬೇಕು.

ಒಂದೇ ಕೈಯಲ್ಲಿ ನೀರು, ವಿದ್ಯುತ್ತು, ಅನಿಲ

ನೀರು ಹಾಕಿ ಎನ್ನುವ ಅದೇ ಸೂಚನೆ 230 ವೋಲ್ಟಿನ ಯಂತ್ರ ಹಿಡಿದವನಿಗೆ ಮತ್ತೇನನ್ನೂ ಹೇಳದಿರುವುದು ಗಂಭೀರ ಲೋಪ. ಒದ್ದೆ ಚರ್ಮವಿರುವ ದೇಹದ ರೋಧ 1000 ಓಮ್‌ನಷ್ಟಿದ್ದರೆ ಹರಿಯುವ ಪ್ರವಾಹ 230 ಮಿಲಿ ಆಂಪಿಯರ್. ಪ್ರಾಣ ತೆಗೆಯಲು ಇದು ಧಾರಾಳ. ಡ್ರಿಲ್ಲಿನ ಎರಡು ಪದರದ ನಿರೋಧಕ ಕವಚ ಒಳಗಿನ ದೋಷದಿಂದ ಕಾಪಾಡುತ್ತದೆ; ಗಾಳಿಕಿಂಡಿಯಿಂದ ಒಳನುಗ್ಗುವ ನೀರಿನಿಂದಲ್ಲ. 30 ಮಿಲಿ ಆಂಪಿಯರ್ ಸೋರಿಕೆಗೆ ಕಡಿಯುವ ಸುರಕ್ಷಾ ಸ್ವಿಚ್ ಇಲ್ಲದ ಮನೆಯಲ್ಲಿ ತಂತಿಯ ಡ್ರಿಲ್ಲಿನಿಂದ ಒದ್ದೆ ಕೊರೆತ ಮಾಡಕೂಡದು. 18 ವೋಲ್ಟಿನ ಬ್ಯಾಟರಿ ಡ್ರಿಲ್ ಇಲ್ಲಿ ನಿಜಕ್ಕೂ ಮೇಲು. ಯಾವ ಡ್ರಿಲ್ಲೇ ಆಗಲಿ, ಅಡಿಯಿಂದ ಮೇಲಕ್ಕೆ ಕೊರೆಯಬಾರದು. ನೀರು ನೇರ ಮೋಟಾರಿಗೆ ಇಳಿಯುತ್ತದೆ.

ಬೇರೆ ದೇಶಗಳ ಸೂಚನೆಗಳನ್ನು ಹಾಗೇ ಇಳಿಸಿಕೊಂಡಾಗ ತಪ್ಪಿಹೋಗುವ ಸಂಗತಿ ಇನ್ನೊಂದಿದೆ. ನಮ್ಮ ಅಡುಗೆ ಕಟ್ಟೆಯ ಕೆಳಗೆ ಅನಿಲ ಸಿಲಿಂಡರ್ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಅಲ್ಲೇ ತಳದಲ್ಲಿ ತುಂಬಿಕೊಳ್ಳುತ್ತದೆ. ಕಾರ್ಬನ್ ಬ್ರಷ್ ಇರುವ ಡ್ರಿಲ್ಲಿನ ಮೋಟಾರು ತಿರುಗುವಾಗ ಕಿಡಿ ಸಹಜ. ಸಿಲಿಂಡರನ್ನು ಹೊರಗೆ ಸಾಗಿಸಿ, ಕಿಟಕಿ ತೆರೆದು, ಕೆಳಗೆ ಕೊಳವೆ, ತಂತಿ ಇಲ್ಲವೆಂದು ಕಣ್ಣಾರೆ ನೋಡಿ ಆಮೇಲೆ ಡ್ರಿಲ್ ಕೈಗೆತ್ತಿಕೊಳ್ಳಬೇಕು.

ಮಾಸ್ಕ್ ಎಂಬ ಕೊನೆಯ ಪದ

ದೂಳಿನ ವಿಚಾರಕ್ಕೆ ಸೂಚನೆಗಳು ಕೊಡುವ ಸ್ಥಾನ ಕೊನೆಯದು. ಅದಕ್ಕೆ ಸಲ್ಲಬೇಕಾದುದು ಮೊದಲನೆಯದು. ಸ್ಫಟಿಕ ರೂಪದ ಸಿಲಿಕದ ಸೂಕ್ಷ್ಮ ದೂಳು ಶ್ವಾಸಕೋಶದಲ್ಲಿ ಉಳಿದು ಗಾಯದ ಕಲೆಯಂಥ ಅಂಗಾಂಶ ಬೆಳೆಸುತ್ತದೆ, ಇದೇ ಸಿಲಿಕೋಸಿಸ್. ಇದನ್ನು ಹಿಂದಕ್ಕೆ ತಿರುಗಿಸುವ ಚಿಕಿತ್ಸೆ ಇಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಈ ದೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕ 2016ರ ನಿಯಮದಲ್ಲಿ ಕೆಲಸದ ಸ್ಥಳದ ಎಂಟು ಗಂಟೆಗಳ ಸರಾಸರಿ ಮಿತಿಯನ್ನು ಘನಮೀಟರಿಗೆ 50 ಮೈಕ್ರೊಗ್ರಾಂಗೆ ಇಳಿಸಿತು. ಕ್ವಾರ್ಟ್ಸ್ ತುಂಬಿದ ಕೃತಕ ಫಲಕಗಳ ತಯಾರಿಕೆ ಮತ್ತು ಬಳಕೆಯನ್ನು ಆಸ್ಟ್ರೇಲಿಯ 2024ರ ಜುಲೈ 1ರಿಂದ ನಿಷೇಧಿಸಿತು.

35 ಮಿ.ಮೀ. ಬಿಟ್‌ನ ಗೋಡೆ 2 ಮಿ.ಮೀ. ದಪ್ಪವಿದ್ದು, ಕಲ್ಲು 20 ಮಿ.ಮೀ. ಇದ್ದರೆ ಪುಡಿಯಾಗುವ ಗಾತ್ರ ಸುಮಾರು 4 ಘನ ಸೆಂ.ಮೀ.; ತೂಕ 11 ಗ್ರಾಂ. ಅದರಲ್ಲಿ ಶೇ. 30 ಕ್ವಾರ್ಟ್ಸ್ ಎಂದರೆ 3.4 ಗ್ರಾಂ. ಒಣ ಕೊರೆತದಲ್ಲಿ ಅದರ ಸಾವಿರದಲ್ಲಿ ಒಂದು ಪಾಲು ಮಾತ್ರ ಉಸಿರಿನೊಡನೆ ಆಳಕ್ಕೆ ಹೋಗುವಷ್ಟು ಸಣ್ಣದಾಗಿ ಗಾಳಿ ಸೇರಿತೆಂದು ಭಾವಿಸಿದರೂ, 27 ಘನಮೀಟರಿನ ಅಡುಗೆಮನೆಯಲ್ಲಿ ಘನಮೀಟರಿಗೆ 125 ಮೈಕ್ರೊಗ್ರಾಂ ಆಗುತ್ತದೆ. ಈ ದೂಳು ಕಣ್ಣಿಗೆ ಕಾಣುವುದಿಲ್ಲ. ಸ್ಟೋಕ್ಸ್ ನಿಯಮದಂತೆ 2 ಮೈಕ್ರೊಮೀಟರ್ ವ್ಯಾಸದ ಕಣ ಸೆಕೆಂಡಿಗೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಮಾತ್ರ ಇಳಿಯುತ್ತದೆ. ಒಂದೂವರೆ ಮೀಟರ್ ಎತ್ತರದಿಂದ ನೆಲ ಮುಟ್ಟಲು ಒಂದೂಕಾಲು ಗಂಟೆ. 1 ಮೈಕ್ರೊಮೀಟರಿನ ಕಣಕ್ಕೆ ಅದರ ನಾಲ್ಕು ಪಟ್ಟು. ಕೊರೆದು ಮುಗಿದ ಐದು ನಿಮಿಷಕ್ಕೆ ಮಾಸ್ಕ್ ತೆಗೆಯುವುದು ಎಷ್ಟು ವ್ಯರ್ಥವೆಂದು ಇದರಿಂದ ತಿಳಿಯುತ್ತದೆ. ಬಟ್ಟೆಯ ಮಾಸ್ಕ್ ಈ ಕಣಗಳಿಗೆ ಬಾಗಿಲು ತೆರೆದಿಟ್ಟಂತೆ. ಮುಖಕ್ಕೆ ಸರಿಯಾಗಿ ಕೂತ ಎನ್-95 ಮಾತ್ರ ಕೆಲಸಕ್ಕೆ ಬರುತ್ತದೆ.

ನಿಜವಾದ ರಕ್ಷಣೆ ನೀರು. ಅದು ದೂಳನ್ನು ಹುಟ್ಟಿದಲ್ಲೇ ಹಿಡಿಯುತ್ತದೆ. ಆದರೆ ಕೆಸರು ಒಣಗಿದರೆ ಮತ್ತೆ ದೂಳೇ. ಅದನ್ನು ಒದ್ದೆಯಿರುವಾಗಲೇ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮರುದಿನ ಪೊರಕೆಯಿಂದ ಗುಡಿಸಬಾರದು. ಈ ಒಂದು ಸಾಲು ಸೂಚನೆಗಳಲ್ಲಿ ಎಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಯಾರಿಗಾಗಿ ಈ ಸುರಕ್ಷತೆ?

ಜೀವಮಾನದಲ್ಲಿ ಒಂದೆರಡು ರಂಧ್ರ ಕೊರೆಯುವ ಗೃಹಸ್ಥನಿಗೆ ಸಿಲಿಕೋಸಿಸ್ ಬರುವ ಸಂಭವ ಅತ್ಯಲ್ಪ, ಹೆದರಿಸುವುದು ವಿಜ್ಞಾನವಲ್ಲ. ಆದರೆ ನಮ್ಮಲ್ಲಿ ಬಹುಪಾಲು ರಂಧ್ರಗಳನ್ನು ಕೊರೆಯುವವನು ಗೃಹಸ್ಥನಲ್ಲ, ಕರೆದಾಗ ಬರುವ ಕೆಲಸಗಾರ. ಅವನು ದಿನವೂ ಕಲ್ಲು ಕತ್ತರಿಸುತ್ತಾನೆ, ಸಾಮಾನ್ಯವಾಗಿ ಒಣದಾಗಿ, ಮೂಗಿಗೊಂದು ಕರವಸ್ತ್ರ ಕಟ್ಟಿ. 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ಸನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಮನೆಯಿಂದ ಮನೆಗೆ ಹೋಗುವ ಈತ ಯಾವ ಕಾರ್ಖಾನೆಗೂ ಸೇರಿದವನಲ್ಲ. ‘ಮನೆಯಲ್ಲಿ ಸುರಕ್ಷಿತವಾಗಿ’ ಎಂಬ ಮಾತು ಮನೆಯವರಿಗಷ್ಟೇ ಸೀಮಿತವಾದರೆ ಅದು ಅರ್ಧ ಸುರಕ್ಷತೆ. ನೀರಿನ ಬಾಟಲಿಯನ್ನೂ ಎನ್-95 ಮಾಸ್ಕನ್ನೂ ಕೆಲಸಗಾರನ ಕೈಗೆ ಕೊಟ್ಟು, ಒದ್ದೆಯಾಗಿಯೇ ಕೊರೆಯಬೇಕೆಂದು ಮನೆಯವರು ಹೇಳಬಲ್ಲರು. ಇದಕ್ಕೆ ತಗಲುವ ಖರ್ಚು ಒಂದು ಬಿಟ್‌ನ ಬೆಲೆಗಿಂತ ಕಡಿಮೆ.

ಅಧ್ಯಾಪಕರಿಗೆ ಒಂದು ಮಾತು. ಕಲ್ಲಿನ ಅಂಗಡಿಯ ಹಿಂದೆ ಬಿದ್ದಿರುವ ತುಂಡುಗಳನ್ನು ತಂದು, ಮೊಳೆ, ಬೆಣಚುಕಲ್ಲು, ಒಡೆದ ಹೆಂಚುಗಳಿಂದ ಗೀಚಿ ಗಡಸುತನದ ಕ್ರಮ ಕಂಡುಕೊಳ್ಳಲು ವಿದ್ಯಾರ್ಥಿಗಳಿಗೆ ಹೇಳಬಹುದು. ಡ್ರಿಲ್ ಬೇಕಿಲ್ಲ. ಮೇಲಿನ ಲೆಕ್ಕಗಳನ್ನು ಬೇರೆ ಅಳತೆಯ ಬಿಟ್ಟಿಗೆ, ಬೇರೆ ದಪ್ಪದ ಕಲ್ಲಿಗೆ ಮಾಡಿಸಬಹುದು. ಆಮೇಲೆ ಆ ಐದು ಸೂಚನೆಗಳನ್ನು ಹಲಗೆಯ ಮೇಲೆ ಬರೆದು, ಪ್ರತಿಯೊಂದಕ್ಕೂ ‘ಎಷ್ಟು?’ ಮತ್ತು ‘ಏಕೆ?’ ಎಂಬ ಎರಡು ಪ್ರಶ್ನೆ ಹಾಕಿಸಿ, ಅವರಿಂದಲೇ ಕನ್ನಡದಲ್ಲಿ ತಿದ್ದಿ ಬರೆಸಬೇಕು. ಹಾಗೆ ತಿದ್ದಿದ ಒಂದು ಪುಟ ಊರಿನ ಕಲ್ಲುಕೆಲಸದವರ ಕೈಗೆ ತಲುಪಿದರೆ, ಅದು ಈ ವಿಮರ್ಶೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.